ಒಂದೇ ಕೈಯಲ್ಲಿ ಹಾಕುವ ಸೂಜಿ

ಸೂಜಿಗೆ ಹೆದರುವವರು ಊರೂರಿಗೂ ಸಿಗುತ್ತಾರೆ. ಸೂಜಿಗೆ ಹೆದರುತ್ತಲೇ ಸೂಜಿ ಮಾಡಿ ಸಂಬಳ ತೆಗೆದುಕೊಳ್ಳುವವಳು ಮಾತ್ರ ಕೊಡಗಿನಲ್ಲಿ ನಾನೊಬ್ಬಳೇ ಇರಬೇಕು. ಅದಕ್ಕೇ ಏನೋ, ಬೇರೆಯವರಿಗೆ ಜನ್ಮಕ್ಕೊಮ್ಮೆ ಆಗುವಂಥ ಫಜೀತಿ ನನಗೆ ತಿಂಗಳಿಗೊಮ್ಮೆಯಾದರೂ ಆಗುತ್ತಲೇ ಇರುತ್ತದೆ.

ನನ್ನ ಊರು ಮಡಿಕೇರಿ. ಅಪ್ಪ ದೇವಸ್ಥಾನದಲ್ಲಿ ಅರ್ಚಕರು. ಇಂಜಿನಿಯರಿಂಗ್ ಮುಗಿಸಿ ನಾನು ಕುಶಾಲನಗರದ ಹತ್ತಿರದ ಒಂದು ಸಣ್ಣ ಕಂಪನಿ ಸೇರಿದೆ. ಆಸ್ಪತ್ರೆಗಳಿಗೆ ಬೇಕಾದ ಪ್ಲಾಸ್ಟಿಕ್ ಸಾಮಾನು ಮಾಡುವ ಕಂಪನಿ ಅದು. ಇಂಟರ್‌ವ್ಯೂನಲ್ಲಿ ನನಗೆ 'ಪ್ಲಾಸ್ಟಿಕ್' ಅನ್ನುವ ಮಾತು ಚೆನ್ನಾಗಿ ಕೇಳಿಸಿತ್ತು, 'ಆಸ್ಪತ್ರೆ' ಅನ್ನುವುದು ಅಷ್ಟಾಗಿ ಕೇಳಿಸಿರಲಿಲ್ಲ.

ಡ್ರಿಪ್ಸ್ ಕೊಡುವ ಮೊದಲು ಕೈಗೆ ಚುಚ್ಚಿ, ಪ್ಲಾಸ್ಟರ್ ಹಾಕಿ ಒಂದು ಸಾಧನ ಕೂರಿಸುತ್ತಾರಲ್ಲ, ಅದಕ್ಕೆ ಕ್ಯಾನುಲಾ ಅನ್ನುತ್ತಾರೆ. ಸೂಜಿಯ ಮೇಲೆ ಅಂಗಿ ತೊಡಿಸಿದ ಹಾಗೆ ಒಂದು ತೆಳು ಪ್ಲಾಸ್ಟಿಕ್ ಕೊಳವೆ ಇರುತ್ತದೆ. ಸೂಜಿ ನರದೊಳಗೆ ಹೋದ ಮೇಲೆ ಕೊಳವೆಯನ್ನು ಮುಂದಕ್ಕೆ ಜಾರಿಸಬೇಕು, ಸೂಜಿಯನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ಕೊಳವೆ ಮಾತ್ರ ಒಳಗೆ ಉಳಿಯುತ್ತದೆ. ಇಷ್ಟು ಮಾಡಲು ಬಹಳ ಜನಕ್ಕೆ ಎರಡೂ ಕೈ ಬೇಕಾಗುತ್ತದೆ. ಹಾಗಾದರೆ ಕೊಸರಾಡುವ ರೋಗಿಯ ಕೈಯನ್ನು ಹಿಡಿದುಕೊಳ್ಳುವವರು ಯಾರು? ಒಂದೇ ಕೈಯಲ್ಲಿ ಹಿಡಿದು, ಅದೇ ಕೈಯ ತೋರುಬೆರಳಿನಿಂದ ಕೊಳವೆಯನ್ನು ಜಾರಿಸುವಂಥ ಕ್ಯಾನುಲಾ ಬೇಕು ಎಂದು ಆಸ್ಪತ್ರೆಗಳವರು ಕೇಳುತ್ತಿದ್ದರು. ಆ ಕೆಲಸ ತಿರುಗಿ ತಿರುಗಿ ನನ್ನ ಮೇಜಿಗೆ ಬಂದು ಕೂತಿತು.

ಮೊದಲ ಪಾಠ

ಮಾಡುವ ಮೊದಲು ನೋಡಿ ಬಾ ಎಂದು ನಮ್ಮ ಬಾಸ್ ನನ್ನನ್ನು ದಕ್ಷಿಣ ಕೊಡಗಿನ ಒಂದು ಸಣ್ಣ ಆಸ್ಪತ್ರೆಗೆ ಕಳಿಸಿದರು. ಅಲ್ಲಿನ ಹಿರಿಯ ನರ್ಸ್‌ಗೆ ಎಲ್ಲರೂ ದೊಡ್ಡ ಸಿಸ್ಟರ್ ಅನ್ನುತ್ತಿದ್ದರು. ಮನೆಮಾತು ಮಲಯಾಳ. ಬೈಯುವುದು ಕನ್ನಡದಲ್ಲಿ, 'ಮೋಳೇ', ಅಂದರೆ ಮಗಳೇ, ಎಂದು ಮುದ್ದು ಮಾಡುವುದು ಮಲಯಾಳದಲ್ಲಿ. ಅವರು ಬಾಯಿ ತೆರೆದರೆ ಮುಂದೆ ಯಾವ ಭಾಷೆ ಬರುತ್ತದೋ ಎಂದು ವಾರ್ಡಿಗೆ ವಾರ್ಡೇ ಕಿವಿಗೊಟ್ಟು ಕಾಯುತ್ತಿತ್ತು.

ಮಂಚದ ಮೇಲೆ ಜ್ವರ ಬಂದ ಒಬ್ಬ ಕಾಫಿ ಪ್ಲಾಂಟರ್ ಮಲಗಿದ್ದರು. ಭಾರೀ ಆಳು, ನೀಳ ಮೀಸೆ. ಕೈಯ ನರಗಳು ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ಹಾಗೆ ಉಬ್ಬಿಕೊಂಡಿದ್ದವು. "ಹತ್ತಿರ ಬನ್ನಿ, ದೂರ ನಿಂತರೆ ಎಂತ ಕಾಣ್ತದೆ?" ಎಂದು ದೊಡ್ಡ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದರು. ಹೋದೆ. ನೋಡಲೇಬೇಕು ಎಂದು ನಿರ್ಧರಿಸಿದ್ದೆ. ಮೊದಲು ಕಿಟಕಿ ನೋಡಿದೆ. ಆಮೇಲೆ ಫ್ಯಾನ್ ನೋಡಿದೆ. ಆಮೇಲೆ ಧೈರ್ಯ ಮಾಡಿ ಪ್ಲಾಂಟರ್ ಅವರ ಮೀಸೆಯವರೆಗೆ ಬಂದೆ. ಸಿಸ್ಟರ್ ಸೂಜಿಯ ಮುಚ್ಚಳ ತೆಗೆದ ಚಿಕ್ಕ ಸದ್ದು ಕೇಳಿಸಿತು. ಅಷ್ಟೇ ನನಗೆ ನೆನಪು.

ಕಣ್ಣು ಬಿಟ್ಟಾಗ ಪಕ್ಕದ ಮಂಚದ ಮೇಲಿದ್ದೆ. ಯಾರೋ ನೀರು ಚಿಮುಕಿಸುತ್ತಿದ್ದರು. ಜ್ವರದ ಪ್ಲಾಂಟರ್ ಎದ್ದು ಕೂತು, "ಪಾಪ, ಮನೆಯವರಿಗೆ ಫೋನ್ ಮಾಡಿದ್ರಾ?" ಎಂದು ನನ್ನ ಬಗ್ಗೆ ವಿಚಾರಿಸುತ್ತಿದ್ದರು. ಅವರ ಕೈಯಲ್ಲಿ ಕ್ಯಾನುಲಾ ನೀಟಾಗಿ ಕೂತಿತ್ತು. ನಾನು ಬೀಳುವ ಹೊತ್ತಿಗೆ ದೊಡ್ಡ ಸಿಸ್ಟರ್ ಎಡಗೈಯಲ್ಲಿ ನನ್ನ ಕತ್ತಿನ ಪಟ್ಟಿ ಹಿಡಿದುಕೊಂಡು, ಬಲಗೈಯಲ್ಲಿ ಅವರ ಕೆಲಸ ಮುಗಿಸಿದ್ದರಂತೆ.

"ಒಂದೇ ಕೈಯಲ್ಲಿ ಹಾಕೋದು ಹೇಗೆ ಅಂತ ನೋಡಕ್ಕಲ್ವಾ ನೀವು ಬಂದದ್ದು?" ಎಂದರು ದೊಡ್ಡ ಸಿಸ್ಟರ್. "ನಾನು ಹಾಕಿ ತೋರಿಸಿದೆ. ನೀವೇ ನೋಡಲಿಲ್ಲ."

ಇನ್ನೊಂದು ಕೈಯ ಕಥೆ

ಸೂಜಿಯನ್ನು ನೋಡಲು ಆಗದಿದ್ದರೆ ಬೇಡ, ಸೂಜಿ ಹಾಕುವವರ ಇನ್ನೊಂದು ಕೈ ಆಗ ಏನು ಮಾಡುತ್ತಿರುತ್ತದೆ ಎಂದಾದರೂ ನೋಡೋಣ ಎಂದು ಯೋಚಿಸಿದೆ. ಅದಕ್ಕೆ ರಕ್ತ ನೋಡಬೇಕಾಗಿಲ್ಲವಲ್ಲ.

ಮತ್ತೆ ಅದೇ ಆಸ್ಪತ್ರೆಗೆ ಹೋದೆ. ಆ ದಿನ ಬಂದಿದ್ದವರು ಒಂದು ಎಸ್ಟೇಟಿನ ರೈಟರ್. ಅಂದರೆ ಕೆಲಸದವರ ಹಾಜರಿ ಹಾಕಿ, ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ಎಲ್ಲಿ ನಡೆಯಬೇಕು ಎಂದು ನೋಡಿಕೊಳ್ಳುವವರು. ಹೊಟ್ಟೆ ಕೆಟ್ಟು ನಿತ್ರಾಣವಾಗಿದ್ದರೂ ಫೋನ್ ಮಾತ್ರ ಕಿವಿಯಿಂದ ಇಳಿದಿರಲಿಲ್ಲ. ಕಾಫಿ ಹಣ್ಣಾಗಿ ಉದುರುತ್ತಿದ್ದ ಕಾಲ, ಅವರ ತಪ್ಪೂ ಅಲ್ಲ. ಒಂದು ಕೈ ಫೋನಿಗೆ, ಇನ್ನೊಂದು ಕೈ ಸಿಸ್ಟರಿಗೆ ಎಂದು ಹಂಚಿಬಿಟ್ಟಿದ್ದರು.

ದೊಡ್ಡ ಸಿಸ್ಟರ್ ನರ ಹುಡುಕಿ, ಒರೆಸಿ, ಇನ್ನೇನು ಸೂಜಿ ತಾಗಿಸಬೇಕು, ರೈಟರ್ ಫೋನಿನಲ್ಲಿ "ಅಲ್ಲಿ ಅಲ್ಲ ಮಾರಾಯ, ಮೇಲಿನ ಬ್ಲಾಕು, ಮೇಲೆ!" ಎಂದು ಅದೇ ಕೈಯಲ್ಲಿ ಮೇಲೆ ತೋರಿಸಿದರು. ಸಿಸ್ಟರ್ ಕೈ ಇಳಿಸಿ ಮತ್ತೆ ಹುಡುಕಿದರು. "ತೋಡು ದಾಟಿ ಎಡಕ್ಕೆ!" ಕೈ ಎಡಕ್ಕೆ ಹೋಯಿತು. ಸೂಜಿ ಹಿಡಿದವರ ಮುಂದೆ ಹೀಗೆ ದಿಕ್ಕು ತೋರಿಸುವ ಧೈರ್ಯ ನನಗೆ ಏಳು ಜನ್ಮಕ್ಕೂ ಬರಲಿಕ್ಕಿಲ್ಲ.

ಕೊನೆಗೆ ದೊಡ್ಡ ಸಿಸ್ಟರ್ ಫೋನನ್ನೇ ಕಿತ್ತುಕೊಂಡು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡರು. ಆ ಕಡೆಯಿಂದ ಗಾಬರಿಯಲ್ಲಿ ಯಾರೋ "ರೈಟ್ರೇ? ರೈಟ್ರೇ?" ಎನ್ನುತ್ತಿದ್ದರು.

"ರೈಟರು ಈಗ ಮಾತಾಡಕ್ಕಾಗಲ್ಲ," ಎಂದರು ಸಿಸ್ಟರ್. "ಅವರ ಕೈ ನನ್ನ ಹತ್ರ ಉಂಟು. ಕೆಲಸ ಮುಗಿದ ಮೇಲೆ ಕೊಡ್ತೇನೆ."

ಡ್ರಿಪ್ಸ್ ಅರ್ಧ ಇಳಿಯುವ ಮೊದಲೇ ಎಸ್ಟೇಟಿನ ಜೀಪು ಆಸ್ಪತ್ರೆಯ ಬಾಗಿಲಿಗೆ ಬಂತು. ಪಿಕಿಂಗ್ ನಿಲ್ಲಿಸಿ, ಲೈನ್ ಮನೆಗಳಲ್ಲಿ ಇರುವ ಕೆಲಸದವರೆಲ್ಲ ತುಂಬಿಕೊಂಡು ಬಂದಿದ್ದರು. ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದಿದ್ದರು. ಎಲ್ಲರಿಗಿಂತ ಹಿರಿಯ ಅಜ್ಜಿ ಮುಂದೆ ಬಂದು, ರೈಟರ ಹೊದಿಕೆ ಸರಿಸಿ, ಒಂದೊಂದೇ ಕೈ ಎತ್ತಿ ನೋಡಿದಳು.

"ಎರಡೂ ಉಂಟಲ್ಲ!" ಎಂದು ನಿಟ್ಟುಸಿರು ಬಿಟ್ಟಳು. "ಹಾಗಾದ್ರೆ ನಮ್ಮ ಇವತ್ತಿನ ಹಾಜರಿ ಹಾಕಿಬಿಡಿ."

ನಾಯಿಗೆ

ಅಭ್ಯಾಸಕ್ಕೆಂದು ನಮ್ಮಲ್ಲಿ ರಬ್ಬರಿನ ಕೈ ಇತ್ತು. ಅದಕ್ಕೆ ಚುಚ್ಚಿದರೆ ನನಗೇನೂ ಆಗುತ್ತಿರಲಿಲ್ಲ, ಅದಕ್ಕೂ ಏನೂ ಆಗುತ್ತಿರಲಿಲ್ಲ. ಅದೇ ತೊಂದರೆ. "ನಿಜವಾದ ಚರ್ಮ ಬೇಕು," ಎಂದರು ಬಾಸ್. "ಮನುಷ್ಯರ ಚರ್ಮಕ್ಕೆ ಹತ್ತಿರ ಅಂದರೆ ಹಂದಿಯದ್ದು. ಕಿವಿಯಲ್ಲಿ ನರವೂ ಚೆನ್ನಾಗಿರುತ್ತೆ. ಅಮ್ಮತ್ತಿಯಲ್ಲಿ ಒಳ್ಳೇ ಅಂಗಡಿ ಇದೆ, ಆಸ್ಪತ್ರೆಯಿಂದ ಬರುವಾಗ ತಂದುಬಿಡಿ."

"ಸರ್, ನಮ್ಮಪ್ಪ ಅರ್ಚಕರು."

"ನಿಮ್ಮಪ್ಪ ತರೋದು ಬೇಡ, ನೀವು ತಂದರೆ ಸಾಕು."

ದುಪಟ್ಟಾವನ್ನು ಕಣ್ಣು ಮಾತ್ರ ಕಾಣುವ ಹಾಗೆ ಸುತ್ತಿಕೊಂಡು ಅಂಗಡಿಯ ಮುಂದೆ ನಿಂತೆ. ರಸ್ತೆಯಲ್ಲಿ ಹೋಗುವ ಪ್ರತಿ ಸ್ಕೂಟರೂ ನಮ್ಮ ನೆಂಟರದ್ದೇ ಅನಿಸುತ್ತಿತ್ತು. ಕೊಡಗಿನಲ್ಲಿ ಹಂದಿ ಮಾಂಸ ಕೊಳ್ಳುವುದು ಕೊತ್ತಂಬರಿ ಸೊಪ್ಪು ಕೊಂಡಷ್ಟೇ ಸಹಜ, ಯಾರೂ ತಿರುಗಿ ನೋಡುವುದಿಲ್ಲ. ಹೀಗೆ ಮುಸುಕು ಹಾಕಿಕೊಂಡು ಅತ್ತಿತ್ತ ನೋಡುತ್ತ ನಿಂತರೆ ಮಾತ್ರ ಎಲ್ಲರೂ ನೋಡುತ್ತಾರೆ.

"ಎಷ್ಟು ಬೇಕು?" ಎಂದ ಅಂಗಡಿಯವ.

"ಕಿವಿ ಮಾತ್ರ."

"ಫ್ರೈಗಾ?"

"ಅಲ್ಲ, ಚುಚ್ಚೋಕೆ."

ಅವನ ಕತ್ತಿ ಮೇಲೆದ್ದದ್ದು ಅಲ್ಲೇ ನಿಂತಿತು. ನನ್ನ ಪಕ್ಕದಲ್ಲಿ ನಿಂತಿದ್ದವರೊಬ್ಬರು ಥಟ್ಟನೆ ಈ ಕಡೆ ತಿರುಗಿದರು. ಉರಿಬಿಸಿಲಿನಲ್ಲೂ ಮಂಕಿ ಕ್ಯಾಪ್, ದೊಡ್ಡ ಕನ್ನಡಕ. ಆ ಕನ್ನಡಕ ನನಗೆ ಗೊತ್ತಿತ್ತು. ನಮ್ಮ ಬೀದಿಯ ನಿವೃತ್ತ ಮೇಷ್ಟ್ರು. ಪ್ರತಿ ವರ್ಷ ಗಣೇಶೋತ್ಸವದಲ್ಲಿ ಸಾತ್ವಿಕ ಆಹಾರದ ಬಗ್ಗೆ ಭಾಷಣ ಮಾಡುವವರು. ಅವರೂ ನನ್ನ ಧ್ವನಿ ಗುರುತು ಹಿಡಿದಿದ್ದರು.

ಇಬ್ಬರೂ ತಕ್ಕಡಿ ನೋಡಿದೆವು. ಆಮೇಲೆ ಮೇಷ್ಟ್ರು ಗಂಟಲು ಸರಿಮಾಡಿಕೊಂಡು, "ನಾಯಿಗೆ," ಎಂದರು.

ಅವರ ಮನೆಯಲ್ಲಿ ನಾಯಿ ಇಲ್ಲ. ಬೀದಿ ನಾಯಿಯೂ ಅವರ ಗೇಟಿನ ಹತ್ತಿರ ಸುಳಿಯುವುದಿಲ್ಲ. ಆದರೂ ನಾನು ತಲೆಯಾಡಿಸಿದೆ.

"ನಿನಗೆ?" ಎಂದರು.

"ಆಫೀಸ್ ಕೆಲಸ ಮೇಷ್ಟ್ರೇ. ಡ್ರಿಪ್ಸ್ ಸೂಜಿ ಚುಚ್ಚಿ ನೋಡೋಕೆ. ದೇವರಾಣೆಗೂ."

ಮೇಷ್ಟ್ರು ನನ್ನನ್ನು ಬಹಳ ಕನಿಕರದಿಂದ ನೋಡಿ, ಹತ್ತಿರ ಬಂದು, ದನಿ ತಗ್ಗಿಸಿ ಹೇಳಿದರು: "ನೀನೂ ನಾಯಿಗೆ ಅಂತಲೇ ಹೇಳು ಮಗೂ. ಅದನ್ನಾದ್ರೂ ಜನ ನಂಬ್ತಾರೆ."

ಸ್ಪ್ರಿಂಗು

ಬೆರಳಿನಿಂದ ಜಾರಿಸುವ ಬದಲು ಒಂದು ಗುಂಡಿ ಒತ್ತಿದರೆ ಸ್ಪ್ರಿಂಗೇ ಕೊಳವೆಯನ್ನು ಮುಂದಕ್ಕೆ ತಳ್ಳಿದರೆ ಹೇಗೆ? ಈ ಯೋಚನೆ ನನ್ನದೇ. ಮನೆಯಲ್ಲಿ ಸೌತೆಕಾಯಿಗೆ ಚುಚ್ಚಿ ಚುಚ್ಚಿ ಅಭ್ಯಾಸ ಮಾಡಿದೆ. ಒಂದು ವಾರ ನಮ್ಮನೆಯ ಕೋಸಂಬರಿಯಲ್ಲಿ ಎಲ್ಲ ಹೋಳಿಗೂ ತೂತು.

ತೋರಿಸುವ ದಿನ ಬಂತು. ಬಾಸ್, ಇಬ್ಬರು ಡಾಕ್ಟರು, ದೊಡ್ಡ ಸಿಸ್ಟರ್, ಎಲ್ಲರೂ ಮೇಜಿನ ಸುತ್ತ ಕೂತರು. ಕಾಫಿ ಬಂತು. ಮೇಜಿನ ಮೇಲೆ ರಬ್ಬರ್ ಕೈ. ನನ್ನ ಅಂಗೈ ಬೆವರಿ ಕೈಗವಸಿನೊಳಗೆ ನೀರು ನಿಂತ ಹಾಗಾಗಿತ್ತು. ಹಿಂದಿನ ದಿನದಿಂದಲೂ ಒಂದೇ ಚಿಂತೆ: ಗುಂಡಿ ಒತ್ತಿದಾಗ ಸ್ಪ್ರಿಂಗ್ ಹಾರದಿದ್ದರೆ?

"ಇದನ್ನು ಹಾಕಲು ಒಂದೇ ಕೈ ಸಾಕು," ಎಂದು ಶುರು ಮಾಡಿದೆ. ಮುಂದಿನ ಮಾತು ಹೇಳುವ ಮೊದಲೇ ಬೆವರಿದ ಬೆರಳು ಕೈಗವಸಿನೊಳಗೇ ಜಾರಿ ಗುಂಡಿಗೆ ತಾಗಿತು. 'ಟಪ್' ಎಂದು ಸದ್ದಾಯಿತು. ಸ್ಪ್ರಿಂಗ್ ಹಾರುವುದರಲ್ಲಿ ಏನೂ ಕೊರತೆ ಇರಲಿಲ್ಲ. ಕೈಯಲ್ಲಿ ನೋಡುತ್ತೇನೆ, ಸೂಜಿ ಇದೆ, ಕೊಳವೆ ಇಲ್ಲ.

ಎಲ್ಲರೂ ಮೊದಲು ತಮ್ಮ ತಮ್ಮ ಮೈ ಮುಟ್ಟಿ ನೋಡಿಕೊಂಡರು. ಆಮೇಲೆ ಮೇಜಿನ ಕೆಳಗೆ ಹುಡುಕಿದರು. ಬಾಸ್ ಮಾತ್ರ ಬಾಸ್ ಆದ್ದರಿಂದ ಬಗ್ಗಲಿಲ್ಲ. ಗಾಂಭೀರ್ಯದಿಂದ ಕಾಫಿ ಲೋಟ ಎತ್ತಿದರು. ನೊರೆಯ ನಡುವೆ ಕೊಳವೆ ಎಳನೀರಿಗೆ ಹಾಕಿದ ಸ್ಟ್ರಾದ ಹಾಗೆ ನೆಟ್ಟಗೆ ನಿಂತಿತ್ತು.

ದೊಡ್ಡ ಸಿಸ್ಟರ್, "ಒಂದೇ ಕೈ ಸಾಕು ಅಂದ್ರಿ. ಇದಕ್ಕೆ ಕೈಯೇ ಬೇಡವಲ್ಲ!" ಎಂದರು.

ಹಿರಿಯ ಡಾಕ್ಟರು ಲೋಟದೊಳಗೆ ಇಣುಕಿ ನೋಡಿ ಸೇರಿಸಿದರು, "ನರವೂ ಬೇಡ."

ಯಾರ ಕೈ?

ಇದು ಚಿಕ್ಕ ಕಥೆ. ಸ್ಪ್ರಿಂಗನ್ನು ಕಸಕ್ಕೆ ಹಾಕಿ, ಕೊಳವೆಗೆ ಪಕ್ಕದಲ್ಲಿ ತೋರುಬೆರಳು ತಾಗಿಸುವಷ್ಟು ಒಂದು ಸಣ್ಣ ಚಾಚು ಕೊಟ್ಟೆವು. ಸರಳ ಉಪಾಯ. ನರ್ಸ್‌ಗಳೆಲ್ಲ ರಬ್ಬರ್ ಕೈ ಮೇಲೆ ಹಾಕಿ ನೋಡಿ ಚೆನ್ನಾಗಿದೆ ಎಂದರು. ನನಗೆ ಎಷ್ಟೋ ತಿಂಗಳ ಮೇಲೆ ಊಟ ರುಚಿಸಿತು.

ಒಬ್ಬ ನರ್ಸ್ ಮಾತ್ರ ಅದನ್ನು ಹಿಡಿದು ಆ ಕಡೆ ತಿರುಗಿಸುತ್ತಾಳೆ, ಈ ಕಡೆ ತಿರುಗಿಸುತ್ತಾಳೆ, ಮಾತಾಡುವುದಿಲ್ಲ. "ಯಾಕೆ ಸಿಸ್ಟರ್, ಒಂದು ಕೈಯಲ್ಲಿ ಆಗ್ತಿಲ್ವಾ?" ಎಂದೆ.

"ಆಗ್ತದೆ ಮೇಡಂ, ಒಂದೇ ಕೈ ಸಾಕು," ಎಂದಳು ಅವಳು ಸಂಕೋಚದಿಂದ. "ಆದ್ರೆ ಅದು ಬಲಗೈ. ನಾನು ಎಡಚಿ."

ಚಾಚನ್ನು ಪಕ್ಕದಿಂದ ಕಿತ್ತು ನಡುನೆತ್ತಿಗೆ ಕೂರಿಸಿದೆವು. ಅದಕ್ಕೆ ಇನ್ನೊಂದು ಮಳೆಗಾಲ ಹಿಡಿಯಿತು.

ಅಮ್ಮ

ಪರೀಕ್ಷೆಗಳೆಲ್ಲ ಮುಗಿದು, ಬೇಕಾದ ಅನುಮತಿಗಳೆಲ್ಲ ಸಿಕ್ಕಿ, ನಮ್ಮ ಕ್ಯಾನುಲಾ ಆಸ್ಪತ್ರೆಗಳಿಗೆ ಹೋಗಲು ಶುರುವಾಗಿತ್ತು. ಆ ಹೊತ್ತಿಗೆ ಅಮ್ಮತ್ತಿ ಹತ್ತಿರ ನಮ್ಮ ನೆಂಟರ ಮನೆಯ ಗೃಹಪ್ರವೇಶ. ಅಪ್ಪ ಪೂಜೆ ಮಾಡಿಸಲು ಹೋದರು, ಅಮ್ಮನೂ ಜೊತೆಗೆ ಹೋದಳು. ನನಗೆ ರಜೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪನ ಫೋನ್ ಬಂತು. "ಅಮ್ಮನಿಗೆ ಸ್ವಲ್ಪ ಹುಷಾರಿಲ್ಲ, ಆಸ್ಪತ್ರೆಗೆ ಕರ್ಕೊಂಡು ಬಂದಿದ್ದೀವಿ," ಎಂದರು. ಅಪ್ಪ ಯಾವತ್ತೂ ಫೋನ್ ಮಾಡುವವರಲ್ಲ. ಅವರ ಆ 'ಸ್ವಲ್ಪ' ಕೇಳಿಯೇ ನಾನು ಕುರ್ಚಿಯಿಂದ ಎದ್ದೆ. ವಾಂತಿ, ಭೇದಿ, ಹಿಂದಿನ ಸಂಜೆಯಿಂದ ಒಂದು ಗುಟುಕು ನೀರೂ ನಿಲ್ಲುತ್ತಿಲ್ಲವಂತೆ. ಆಸ್ಪತ್ರೆ ಯಾವುದು ಎಂದು ಕೇಳಿದೆ. ನಮ್ಮ ದೊಡ್ಡ ಸಿಸ್ಟರ್ ಇರುವ ಆಸ್ಪತ್ರೆಯೇ.

ಆಫೀಸಿನ ಕಾರಿನಲ್ಲಿ ಹೊರಟೆ. ಸಿದ್ದಾಪುರ ದಾಟುವ ಮೊದಲೇ ರಸ್ತೆಯಲ್ಲಿ ಗಾಡಿಗಳ ಸಾಲು. ತೋಟದಿಂದ ಆನೆ ಇಳಿದಿದೆ, ದಾಟಿ ಹೋಗಲಿ ಎಂದು ಎಲ್ಲರೂ ಎಂಜಿನ್ ಆಫ್ ಮಾಡಿ ಕಾಯುತ್ತಿದ್ದರು. ಆನೆಗೆ ಅವಸರವಿರಲಿಲ್ಲ. ಬೇಲಿಯ ಪಕ್ಕದ ಹಲಸಿನ ಮರವನ್ನು ನಿಧಾನವಾಗಿ ಪರಿಶೀಲಿಸುತ್ತಿತ್ತು. ನಾನು ಕಾರಿನೊಳಗೆ ಕೂತು, ಗೊತ್ತಿದ್ದ ದೇವರ ಹೆಸರೆಲ್ಲ ಹೇಳಿ ಮುಗಿಸಿ, ಕೊನೆಗೆ ಆನೆಗೇ ಕೈಮುಗಿದೆ.

ವಾರ್ಡಿಗೆ ಓಡಿ ಬಂದಾಗ ಅಮ್ಮನ ಗುರುತೇ ಸಿಗಲಿಲ್ಲ. ಕಣ್ಣು ಒಳಗೆ ಹೋಗಿತ್ತು, ತುಟಿ ಒಡೆದಿತ್ತು. ಮೈಯಲ್ಲಿ ನೀರಿಲ್ಲದೆ ನರಗಳೆಲ್ಲ ಅಡಗಿಬಿಟ್ಟಿದ್ದವು. ಡ್ಯೂಟಿಯಲ್ಲಿದ್ದ ನರ್ಸ್ ಎರಡೂ ಕೈಯಲ್ಲಿ ಹುಡುಕಿ ಸಿಗದೆ ದೊಡ್ಡ ಸಿಸ್ಟರನ್ನು ಕರೆಸಿದ್ದಳು. ಅವರು ಬಂದರು. ಕೈಯಲ್ಲಿ ನಮ್ಮ ಕಂಪನಿಯ ಪೊಟ್ಟಣ.

ಆ ಪೊಟ್ಟಣ ನೋಡಿದ್ದೇ ನನ್ನ ತಲೆಯೊಳಗೆ ಎಲ್ಲ ಭಯಗಳೂ ಒಟ್ಟಿಗೆ ಎದ್ದು ನಿಂತವು. ಚಾಚು ಮುರಿದರೆ? ಕೊಳವೆ ಮಡಚಿಕೊಂಡರೆ? ನರ ಸಿಕ್ಕ ಮೇಲೆ ಜಾರದೆ ಹೋದರೆ? ಇದೆಲ್ಲ ಪರೀಕ್ಷೆಯಲ್ಲಿ ಪಾಸಾಗಿತ್ತು. ಆದರೆ ಪರೀಕ್ಷೆಯಲ್ಲಿ ಮಲಗಿದ್ದವಳು ನನ್ನ ಅಮ್ಮ ಆಗಿರಲಿಲ್ಲ.

ಸಿಸ್ಟರ್ ತೋಳು ಹಿಡಿದುಕೊಂಡೆ. "ಸಿಸ್ಟರ್, ಹಳೇದು ಇದೆಯಾ?"

"ಎಂತ ಹಳೇದು?"

"ಮೊದಲು ಹಾಕ್ತಿದ್ರಲ್ಲ, ಬೇರೆ ಕಂಪನಿಯದ್ದು."

ಅವರು ಪೊಟ್ಟಣ ನೋಡಿದರು, ನನ್ನನ್ನು ನೋಡಿದರು. "ಮೋಳೇ, ಇದು ನೀನೇ ಮಾಡಿದ್ದಲ್ವಾ?"

"ಅದಕ್ಕೇ ಕೇಳ್ತಿರೋದು!"

ಪಕ್ಕದ ಮಂಚದವರೆಲ್ಲ ಕತ್ತು ತಿರುಗಿಸಿ ತಮ್ಮ ತಮ್ಮ ಕೈ ನೋಡಿಕೊಂಡರು. ದೊಡ್ಡ ಸಿಸ್ಟರ್ ಬೈಯಲಿಲ್ಲ. ಅವರು ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ, "ಇಲ್ಲಿ ಮಲಗಿದವರೆಲ್ಲ ಯಾರದ್ದಾದರೂ ಅಮ್ಮನೋ ಅಪ್ಪನೋ ಆಗಿರ್ತಾರೆ ಮೋಳೇ. ದೂರ ಸರಿ," ಎಂದರು.

ಅಮ್ಮ ಅರೆಪ್ರಜ್ಞೆಯಲ್ಲೇ ಅವರ ಎಡಗೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಬಿಡಿಸಲು ನೋಡಿದರೆ ಇನ್ನೂ ಬಿಗಿ. "ಇರಲಿ," ಎಂದರು ದೊಡ್ಡ ಸಿಸ್ಟರ್. ನರ್ಸ್ ಅಮ್ಮನ ಇನ್ನೊಂದು ತೋಳಿಗೆ ಪಟ್ಟಿ ಬಿಗಿದು ಹಿಡಿದುಕೊಂಡಳು. ದೊಡ್ಡ ಸಿಸ್ಟರ್ ಬಲಗೈಯ ಬೆರಳಿನಿಂದ ಮಣಿಕಟ್ಟಿನ ಪಕ್ಕ ತಡವಿ, ತಡವಿ, ಒಂದು ಕಡೆ ನಿಂತರು. ನನಗೆ ಕಣ್ಣು ಮುಚ್ಚಿಕೊಳ್ಳುವುದೂ ಮರೆತುಹೋಯಿತು. ಸೂಜಿ ಒಳಗೆ ಹೋಯಿತು. ಏನೂ ಆಗಲಿಲ್ಲ. ಆಮೇಲೆ ಅದರ ಬಾಲದಲ್ಲಿ ಒಂದು ಕೆಂಪು ಹನಿ ಇಣುಕಿತು, ನರ ಸಿಕ್ಕಿತ್ತು. ತೋರುಬೆರಳು ಚಾಚಿಗೆ ತಾಗಿತು, ಕೊಳವೆ ಬೆಣ್ಣೆಯೊಳಗೆ ಹೋದ ಹಾಗೆ ಮುಂದಕ್ಕೆ ಜಾರಿತು, ಸೂಜಿ ಹೊರಗೆ ಬಂತು. ಡ್ರಿಪ್ಸ್ ತೊಟ್ಟಿಕ್ಕಲು ಶುರುವಾಯಿತು.

ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಅಪ್ಪ ಏನೂ ತಿಳಿಯದೆ ನನ್ನ ಕೈಗೆ ತೀರ್ಥದ ಬಾಟಲಿ ಕೊಟ್ಟರು.

ಮರುದಿನದ ಹೊತ್ತಿಗೆ ಅಮ್ಮ ಗಂಜಿ ಕುಡಿದು ಎದ್ದು ಕೂತಿದ್ದಳು. ಕೈಯನ್ನು ಹಿಂದೆ ಮುಂದೆ ತಿರುಗಿಸಿ, "ಇದಾ ನೀನು ಮಾಡೋದು? ಸಿಸ್ಟರ್ ಹೇಳಿದ್ರು," ಎಂದಳು. ಇಷ್ಟು ವರ್ಷ ನೆಂಟರು ಕೇಳಿದಾಗಲೆಲ್ಲ ಅಮ್ಮ, 'ಪ್ಲಾಸ್ಟಿಕ್ ಕಂಪನಿ, ಬಕೆಟ್ಟೋ ಏನೋ ಮಾಡ್ತಾರೆ' ಎಂದು ಮಾತು ತಿರುಗಿಸುತ್ತಿದ್ದಳು. ಈಗ ಆ ಕೈ ಒಂದು ಕಡೆ ನಿಲ್ಲುತ್ತಿರಲಿಲ್ಲ. ಊಟ ತಂದವಳಿಗೆ ತೋರಿಸಿದಳು, ನೆಲ ಒರೆಸಲು ಬಂದವಳಿಗೆ ತೋರಿಸಿದಳು, ರೌಂಡ್ಸಿಗೆ ಬಂದ ಡಾಕ್ಟರಿಗೂ, "ನೋಡಿದ್ರಾ ಡಾಕ್ಟ್ರೇ? ನನ್ನ ಮಗಳು ಮಾಡಿದ್ದು," ಎಂದು ತೋರಿಸಿದಳು.

ಮನೆಗೆ ಹೋಗುವ ದಿನ ದೊಡ್ಡ ಸಿಸ್ಟರ್ ಹತ್ತಿ ಹಿಡಿದುಕೊಂಡು ಬಂದರು. ಅಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಇರಲಿ ಬಿಡಿ ಸಿಸ್ಟರ್. ನೋವೇನಿಲ್ಲ."

"ಅಮ್ಮಾ, ಮನೆಗೆ ಹೋಗುವಾಗ ಇದನ್ನ ತೆಗೀಬೇಕು."

"ಶುಕ್ರವಾರ ಅರಿಶಿನ ಕುಂಕುಮಕ್ಕೆ ಬೀದಿಯವರೆಲ್ಲ ಬರ್ತಾರೆ. ಎಲ್ಲರೂ ನೋಡಲಿ, ಶನಿವಾರ ನಾನೇ ಬಂದು ತೆಗೆಸ್ಕೋತೀನಿ."

ಅಪ್ಪ ಬುದ್ಧಿ ಹೇಳಿದರು. ನಾನು ಕೈಮುಗಿದೆ, ಸೋಂಕು ಆಗುತ್ತದೆ ಎಂದು ಹೆದರಿಸಿದೆ. ಬೇಕಾದರೆ ಹೊಸದೊಂದನ್ನು ಆಫೀಸಿನಿಂದ ತಂದು ತಟ್ಟೆಯಲ್ಲಿಡುತ್ತೇನೆ ಎಂದೆ. "ತಟ್ಟೆಯಲ್ಲಿಟ್ಟರೆ ಯಾರು ನಂಬ್ತಾರೆ? ಕೈಯಲ್ಲೇ ಇರಬೇಕು," ಎಂದಳು. ಕೊನೆಗೆ ದೊಡ್ಡ ಸಿಸ್ಟರ್ ಮಲಯಾಳದಲ್ಲಿ ಏನೋ ಮುದ್ದಾಗಿ ಹೇಳುತ್ತ ಹೇಳುತ್ತಲೇ ಅದನ್ನು ಹೊರಗೆ ತೆಗೆದು, ಹತ್ತಿ ಒತ್ತಿ, ಪ್ಲಾಸ್ಟರ್ ಅಂಟಿಸಿಬಿಟ್ಟರು. ತೆಗೆದದ್ದು ಅಮ್ಮನಿಗೆ ಗೊತ್ತೇ ಆಗಲಿಲ್ಲ.

ಗೊತ್ತಾದಾಗ ಅಮ್ಮ ಬರಿದಾದ ಮಣಿಕಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ನಿಟ್ಟುಸಿರು ಬಿಟ್ಟಳು.

"ಇಷ್ಟೆಲ್ಲ ಓದಿ, ಬಳೆ ಮಾಡೋ ಕಂಪನಿಗೆ ಸೇರಬಾರದಿತ್ತೇನೇ? ಮನೆಗೆ ಹೋಗುವಾಗ ಯಾರೂ ಬಿಚ್ಚಿಸಿಕೊಳ್ತಿರಲಿಲ್ಲ."